ಮಾವನವರನ್ನು ಹೊರಗೆ ಕಳಿಸಿ!

“ಮ್ಯಾಮ್, ನಿಮ್ಮ ಹಿಂದೆ ಇರೋರನ್ನ ದಯವಿಟ್ಟು ಹೊರಗೆ ಕಳಿಸಿ.”

ಲ್ಯಾಪ್‌ಟಾಪಿನೊಳಗಿಂದ ಬಂದ ದನಿ. ಪರೀಕ್ಷೆ ಶುರುವಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಗಾಬರಿಯಿಂದ ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ. ಇದ್ದವರು ನಮ್ಮ ಮಾವನವರೊಬ್ಬರೇ. ಅದೂ ಗೋಡೆಯ ಮೇಲೆ, ಫ್ರೇಮಿನೊಳಗೆ, ಹಾರ ಹಾಕಿಸಿಕೊಂಡು.

ಅವರು ತೀರಿಹೋಗಿ ಬಹಳ ವರ್ಷವಾಯಿತು ಎಂದೆ. ಆ ಕಡೆಯ ಮೇಲ್ವಿಚಾರಕ ಸಾರಿ ಹೇಳಿದ. ಆದರೂ ಸಿಸ್ಟಮ್ಮು ಅವರನ್ನು ಲೆಕ್ಕಕ್ಕೆ ಹಿಡಿಯುತ್ತಿದೆ, ಏನಾದರೂ ಮಾಡಿ ಎಂದ.

ಕೊರೊನಾ ಬಂದ ಮೇಲೆ ಮನೆಯೇ ಆಫೀಸಾಯಿತು, ಮನೆಯೇ ಸ್ಕೂಲಾಯಿತು, ಮನೆಯೇ ಕಟಿಂಗ್ ಶಾಪೂ ಆಯಿತು (ನಮ್ಮ ಯಜಮಾನರ ತಲೆ ನೋಡಿದವರಿಗೆ ಇದು ಗೊತ್ತು). ಪರೀಕ್ಷಾ ಕೇಂದ್ರ ಆಗುವುದೊಂದು ಬಾಕಿ ಇತ್ತು. ಮದುವೆಗೆಂದು ಅರ್ಧಕ್ಕೆ ಬಿಟ್ಟಿದ್ದ ಡಿಗ್ರಿಯನ್ನು ನಲವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಮತ್ತೆ ಹಿಡಿದಿದ್ದೆ. ಸ್ಟಾಟಿಸ್ಟಿಕ್ಸ್ ಪೇಪರಿನ ಕ್ರೆಡಿಟ್ ಒಂದು ಉಳಿದಿತ್ತು. ಅದು ಸಿಕ್ಕರೆ ಡಿಗ್ರಿ. ತಪ್ಪಿದರೆ? ಹಳೇ ಸಿಲಬಸ್ಸಿಗೆ ಇದೇ ಕೊನೇ ಸಲ. ಮತ್ತೆ ಮೊದಲಿಂದ ಓದಬೇಕು. ಅಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ರೂಲ್ಸು ಹೀಗಿತ್ತು. ಕೋಣೆಯಲ್ಲಿ ಒಬ್ಬರೇ ಇರಬೇಕು. ಬಾಗಿಲು ಹಾಕಿರಬೇಕು. ಕೂತ ಜಾಗದಿಂದ ಏಳಬಾರದು, ಮಾತಾಡಬಾರದು. ಕ್ಯಾಮೆರಾಗೆ ಇನ್ನೊಂದು ಮುಖ ಕಂಡರೆ ವಾರ್ನಿಂಗ್. ಮೂರನೇ ವಾರ್ನಿಂಗಿಗೆ ಪೇಪರ್ ಕ್ಲೋಸ್.

ಇದನ್ನು ಬರೆದವರು ಎಂಥ ಮನೆಯಲ್ಲಿ ಬೆಳೆದರೋ! ಯಾರೂ ಇಲ್ಲದ, ಗೋಡೆಯ ಮೇಲೆ ಏನೂ ಇಲ್ಲದ ಕೋಣೆ ನಮ್ಮ ಕಡೆ ಯಾರ ಮನೆಯಲ್ಲಿದೆ, ಹೇಳಿ? ಚಿತ್ರದುರ್ಗದ ನಮ್ಮ ಮನೆಯಲ್ಲಂತೂ ಇಲ್ಲ. ಬೆಡ್‌ರೂಮಿನಲ್ಲಿ ಮೇಷ್ಟ್ರಾದ ಯಜಮಾನರ ಆನ್‌ಲೈನ್ ಕ್ಲಾಸು. ಹಾಲಿನ ಕಿಟಕಿಯಾಚೆ ತರಕಾರಿ ಆಟೋದ ಮೈಕು. ಉಳಿದದ್ದು ದೇವರ ಮನೆ. ಅಲ್ಲಿ ದೇವರ ಜೊತೆಗೆ ಹಿರಿಯರೂ ಇದ್ದಾರೆ. ಪ್ಲಗ್ಗಿಲ್ಲ, ಕಿಟಕಿಯಿಲ್ಲ. ಹಾಲಿನಿಂದ ಬಾಗಿಲ ಸಂದಿಯಲ್ಲಿ ವೈರೆಳೆದು ಟೇಬಲ್ ಫ್ಯಾನ್ ಇಟ್ಟುಕೊಂಡೆ. ಚಾಪೆ ಹಾಸಿ, ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಾಗಲೇ ಆ ದನಿ ಬಂದದ್ದು.

ವಿಷಯ ಕೇಳಿ ಯಜಮಾನರು ಕ್ಲಾಸು ಬಿಟ್ಟು ಓಡಿ ಬಂದರು. ಫೋಟೋಗಳನ್ನೆಲ್ಲ ಗೋಡೆ ಕಡೆ ತಿರುಗಿಸಿದರಾಯಿತು ಎಂದು ಕೈ ಹಾಕಿದರು. ಹಿಂದೆಯೇ ಬಂದ ಅತ್ತೆ ಆ ಕೈ ಹಿಡಿದರು.

“ನಿಮ್ಮಪ್ಪನ ಮಕ ಗ್ವಾಡೆಗೆ ತಿರುಗಿಸ್ತೀಯೇನ್ಲೇ?”

ಅತ್ತೆ ಬಿ.ದುರ್ಗದ ಕಡೆಯವರು. ಅವರ ಪ್ರಕಾರ ದೇವರಿಗಾಗಲಿ ಹಿರಿಯರಿಗಾಗಲಿ ನಾವು ಬೆನ್ನು ಹಾಕಬಾರದು (ಆ ಇಕ್ಕಟ್ಟಿನಲ್ಲಿ ಬೇರೆ ದಾರಿಯಿಲ್ಲವೆಂದು ನನಗೆ ಮಾತ್ರ ಮಾಫಿ), ಅವರಿಂದ ಬೆನ್ನು ಹಾಕಿಸಲೂಬಾರದು. ಗೋಡೆಯಿಂದ ಇಳಿಸುವುದಂತೂ ಹಬ್ಬಕ್ಕೆ ಒರೆಸುವಾಗ ಮಾತ್ರ. ಯಜಮಾನರು ನನ್ನ ಮುಖ ನೋಡಿದರು, ನಾನು ಗಡಿಯಾರ ನೋಡಿದೆ. ನನಗೆ ಅಳುವೇ ಬಂತು. ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ?

ಅತ್ತೆ ನನ್ನ ಕಡೆ ತಿರುಗಿದರು. “ಎಷ್ಟೊತ್ತವ್ವ ನಿನ್ ಪರೀಕ್ಷೆ?”

ಎರಡು ತಾಸು ಎಂದೆ.

“ಹಂಗಾದ್ರೆ ಗ್ರಹಣ ಹಿಡದೈತೆ ಅಂದ್ಕಳಾಣ ಬಿಡು.”

ಗ್ರಹಣ ಹಿಡಿದಾಗ ಅತ್ತೆ ದೇವರಿಗೆಲ್ಲ ಮಡಿಬಟ್ಟೆ ಮುಚ್ಚುತ್ತಾರೆ. ಬಿಟ್ಟ ಮೇಲೆ ಮನೆ ತೊಳೆದು, ಸ್ನಾನ ಮಾಡಿ, ದೀಪ ಹಚ್ಚುತ್ತಾರೆ. ಅದೇ ಶಾಸ್ತ್ರ ಶುರುವಾಯಿತು. ಒಗೆದಿಟ್ಟಿದ್ದ ಬಿಳಿ ಪಂಚೆ ಬಂತು. ಗೋಡೆಯ ಈ ಮೊಳೆಯಿಂದ ಆ ಮೊಳೆಗೆ ಕಟ್ಟಿ, ದೇವರುಗಳನ್ನೂ ಮಾವನವರನ್ನೂ ಒಟ್ಟಿಗೇ ಮುಚ್ಚಿದರು. ಗಂಡನ ಫೋಟೋ ಮುಚ್ಚುವಾಗ ಬಗ್ಗಿ ಏನೋ ಸಮಜಾಯಿಷಿಯನ್ನೂ ಹೇಳಿದರು. ಮೇಲ್ವಿಚಾರಕನಿಗೂ ಸಮಾಧಾನವಾಯಿತು. ಬಾಗಿಲು ಮುಚ್ಚಿತು.

ಅರ್ಧದವರೆಗೆ ಎಲ್ಲ ಸರಾಗ. ಆಮೇಲೆ ‘ಟಣ್’ ಎಂದಿತು. ಪರದೆಯ ಮೇಲೆ ಕೆಂಪಕ್ಷರ: ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ! ಮೂಲೆಯಲ್ಲಿದ್ದ ನನ್ನದೇ ಚಿತ್ರ ನೋಡಿದರೆ, ಹೆಗಲ ಹಿಂದೆ ಮಾವನವರು. ಫ್ಯಾನಿನ ಗಾಳಿಗೆ ಪಂಚೆ ಹಾರುತ್ತಿತ್ತು. ಫ್ಯಾನು ಕೈಗೆಟುಕದು. ಎದ್ದರೆ ಅದೇ ಒಂದು ವಾರ್ನಿಂಗ್. ಕೂಗಿದರೆ ಇನ್ನೊಂದು. ಏನು ಮಾಡಲಿ ಎನ್ನುವಷ್ಟರಲ್ಲಿ ಎರಡನೇ ‘ಟಣ್’. ಇಷ್ಟು ವರ್ಷ ಓದಿದ್ದೆಲ್ಲ ಒಂದು ಪಂಚೆಯ ಅಂಚಿಗೆ ಬಂದು ನಿಂತಿತಲ್ಲ ಎಂದು ಸಂಕಟವಾಯಿತು.

ಅಷ್ಟರಲ್ಲಿ ಫ್ಯಾನು ನಿಂತಿತು. ಪಂಚೆ ಮೆಲ್ಲಗೆ ಇಳಿದು ಮಾವನವರನ್ನು ಮುಚ್ಚಿತು. ಕರೆಂಟು ಹೋಯಿತು ಅಂದುಕೊಂಡೆ. (ಜೀವನದಲ್ಲಿ ಮೊದಲ ಸಲ ಕರೆಂಟು ಹೋಗಿದ್ದಕ್ಕೆ ಕೈ ಮುಗಿದೆ.) ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇದೆ ಎಂಬುದು ಹೊಳೆಯಲೂ ಇಲ್ಲ. ಬೆವರು ಒರೆಸಿಕೊಳ್ಳುತ್ತ ಉಳಿದದ್ದೆಲ್ಲ ಬರೆದೆ. ಸಬ್‌ಮಿಟ್ ಒತ್ತಿದೆ. ಆಹಾ, ಆ ಹಗುರ! ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗೆ.

ಬಾಗಿಲು ತೆಗೆದರೆ ಹೊಸ್ತಿಲಾಚೆ ನೆಲದ ಮೇಲೆ ಅತ್ತೆ. ಕೈಯಲ್ಲಿ ಫ್ಯಾನಿನ ಪ್ಲಗ್ಗು.

“ಒಳಗೆ ಬಟ್ಟೆ ಪಟಪಟ ಅಂತಿತ್ತು. ನಿಮ್ ಮಾವ ಇಣುಕಿ ನೋಡ್ತಾ ಅದಾರೆ ಅಂತ ವೈರು ಕಿತ್ತೆ. ಬಿಡ್ತೇನವ್ವ ಗ್ರಹಣ?”

ಬಿಟ್ಟಿತು ಅತ್ತೆ, ಎಂದೆ. ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು. ಯಜಮಾನರು ಮಂಡಕ್ಕಿಯಾದರೂ ಕೊಡಮ್ಮ ಎಂದು ಎರಡು ಸಲ ಬಂದು ಬೈಸಿಕೊಂಡು ಹೋಗಿದ್ದರಂತೆ. ಗ್ರಹಣದಲ್ಲಿ ಯಾರಾದರೂ ಬಾಯಿಗೆ ಏನಾದರೂ ಹಾಕುತ್ತಾರೆಯೇ? ಪಂಚೆ ಕಟ್ಟಿದಾಗಿನಿಂದ ಅತ್ತೆಯೂ ಹನಿ ನೀರು ಕುಡಿದಿರಲಿಲ್ಲ. ಮನೆ ತೊಳೆದದ್ದಾಯಿತು, ಸ್ನಾನವಾಯಿತು, ದೀಪ ಹಚ್ಚಿದ್ದಾಯಿತು. ಆಮೇಲೆ ಮೂವರೂ ಕೂತು ಅದೆಷ್ಟು ಉಂಡೆವೋ!

ಮೊನ್ನೆ ರಿಸಲ್ಟ್ ಬಂತು. ಪಾಸು. ಅತ್ತೆ ಎಲ್ಲರಿಗೂ ಫೋನು ಮಾಡಿ ಹೇಳುತ್ತಿದ್ದಾರೆ.

ಒಂದು ಮಾತು ಬಿಟ್ಟೆ. ಸಬ್‌ಮಿಟ್ ಒತ್ತುವ ಮೊದಲು ಒಂದು ಕೊನೇ ಸಾಲಿಗೆ ಟಿಕ್ ಹಾಕಬೇಕಿತ್ತು: ‘ಈ ಪರೀಕ್ಷೆ ಬರೆಯಲು ನಾನು ಯಾರ ನೆರವನ್ನೂ ಪಡೆದಿಲ್ಲ.’ ಧೈರ್ಯವಾಗಿ ಹಾಕಿದ್ದೆ.

ಇಡೀ ಪೇಪರಿನಲ್ಲಿ ಖಂಡಿತವಾಗಿ ತಪ್ಪಾಗಿದೆ ಎಂದು ನನಗೆ ಗೊತ್ತಿರುವ ಉತ್ತರ ಅದೊಂದೇ.