ಸೋಮವಾರದ ಉಳುಮೆ ಪಾಠ

ಹಿರೇನಲ್ಲೂರಿನ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಸೋಮವಾರ ಬಂತೆಂದರೆ ನನಗೆ ಹಬ್ಬ. ಆ ಕಡೆ ಸೋಮವಾರ ಯಾರೂ ಎತ್ತಿಗೆ ನೊಗ ಇಡುವುದಿಲ್ಲ, ಬಸವಣ್ಣನಿಗೆ ಬಿಡುವು. ಉಳುಮೆ ಇಲ್ಲ, ಮಕ್ಕಳಿಗೆ ಹೊಲಕ್ಕೆ ಬುತ್ತಿ ಹೊರುವ ಕೆಲಸವೂ ಇಲ್ಲ. ಉಳಿದ ದಿನ ಅರ್ಧ ಖಾಲಿ ಇರುತ್ತಿದ್ದ ಶಾಲೆ ಅಂದು ಜಗಲಿಯವರೆಗೂ ತುಂಬುತ್ತಿತ್ತು.

ಆ ಗುಂಪಿನಲ್ಲಿ ಒಬ್ಬಳು ಹುಡುಗಿ. ಸೋಮವಾರ ಬಿಟ್ಟರೆ ಮನೆಯವರು ಅವಳನ್ನು ಕಳಿಸುತ್ತಿರಲಿಲ್ಲ. ಆದರೂ ದಿನಾ ಬರುವ ಗಂಡುಹುಡುಗರ ಕಿವಿ ಹಿಂಡುವಷ್ಟು ಚುರುಕು. ಅವಳನ್ನು ಓದಿಸಿ ಎಂಬ ನನ್ನ ಕಾಟ ತಾಳಲಾರದೆ ಅವಳ ಅಪ್ಪ ಒಂದು ಮಾತು ಕೊಟ್ಟಿದ್ದ: "ಈ ಸಲ ಪರೀಕ್ಷೆ ಪಾಸು ಮಾಡ್ಲಿ ಮೇಷ್ಟ್ರೇ, ಇನ್ನೂ ಓದಿಸ್ತೀನಿ. ಇಲ್ದಿದ್ರೆ ಲಗ್ನ ಮಾಡಿ ಕಳಿಸ್ಬಿಡ್ತೀನಿ ಕಣ್ರೀ, ಆಮ್ಯಾಲೆ ನನ್ನ ಕೇಳ್ಬ್ಯಾಡಿ."

ಅಷ್ಟರಲ್ಲಿ ವಕ್ಕರಿಸಿತು ಹೊಸ ಹುಕುಂ. ನಮ್ಮ ಮೇಲಿನ ಸಾಹೇಬರೊಬ್ಬರು ಹಡಗು ಹತ್ತಿ ಹೋಗಿ ಹೊರದೇಶದ ಶಾಲೆಗಳನ್ನು ಅಧ್ಯಯನ ಮಾಡಿ ಬಂದಿದ್ದರು. ಅಲ್ಲಿನ ಹಳ್ಳಿಮಕ್ಕಳು ಸೋಮವಾರ ಪುಸ್ತಕ ಮುಟ್ಟದೆ ಶಾಲೆಯ ಹೊಲ ಉಳುತ್ತಾರಂತೆ, ಅದರಿಂದ ಬುದ್ಧಿ ಬೆಳೆಯುತ್ತದಂತೆ. ಇಲ್ಲೂ ಹಾಗೇ ಆಗಬೇಕಂತೆ. ಅಯ್ಯೋ ದೇವರೇ! ವಾರವೆಲ್ಲ ಹೊಲದಲ್ಲೇ ಬಿದ್ದಿರುವ ಮಕ್ಕಳಿಗೆ ಉಳುಮೆಯ ಪಾಠ, ಅದೂ ಸೋಮವಾರ!

ಕಡೂರಿನ ಕಚೇರಿಗೆ ಹೋಗಿ ಸಾಹೇಬರ ಮುಂದೆ ಕೈಮುಗಿದು ನಿಂತೆ. ಉಳುಮೆಯನ್ನು ಮಂಗಳವಾರಕ್ಕೆ ಹಾಕಿಕೊಳ್ಳುತ್ತೇನೆ, ಸೋಮವಾರ ಪುಸ್ತಕಕ್ಕೆ ಬಿಡಿ ಎಂದು ಬೇಡಿಕೊಂಡೆ.

"ರಿಸರ್ಚಿಗಿಂತ ನಿಮ್ಮ ಎತ್ತು ದೊಡ್ಡದೇನ್ರೀ? ಪಾಲಿಸಿ ಅಂದ್ರೆ ಎಲ್ಲಾ ಕಡೆ ಒಂದೇ" ಎಂದರು.

"ಆ ದೇಶದ ಎತ್ತಿಗೆ ಯಾವ ವಾರ ಬಿಡುವು ಅಂತ ಕೇಳ್ಕೊಂಡು ಬಂದ್ರಾ ಸ್ವಾಮಿ?" ಅಂದೇಬಿಟ್ಟೆ. ಹೊರಗೆ ನಡೆಯಿರಿ ಎಂದರು.

ಮುಂದಿನ ಸೋಮವಾರ ಸಾಹೇಬರೇ ಬಂದಿಳಿದರು. ಊರಲ್ಲಿ ಯಾರೂ ಎತ್ತು ಕೊಡಲಿಲ್ಲ. ತಾವು ಬಂದ ಗಾಡಿಯ ಎತ್ತುಗಳನ್ನೇ ಬಿಚ್ಚಿಸಿ ನೇಗಿಲಿಗೆ ಹೂಡಿಸಿ, ಮಕ್ಕಳನ್ನು ಹಿಂದೆ ಸಾಲಾಗಿ ನಿಲ್ಲಿಸಿದರು. ಜನ ಸೇರಿತು. ಹುಡುಗಿಯ ಅಪ್ಪ ಸೀದಾ ನುಗ್ಗಿ ಮಗಳ ಕೈ ಹಿಡಿದ.

"ನಡಿಯೇ ಮನೆಗೆ! ಸೋಮಾರ ಬಸವಣ್ಣನ ಹೆಗಲ ಮ್ಯಾಲೆ ನೊಗ ಇಡೋ ಇಸ್ಕೂಲು ನಮಗೆ ಬ್ಯಾಡ!"

ಅವನ ಹಿಂದೆಯೇ ಎಲ್ಲರೂ ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೊರಟರು. ಸಂಜೆ ಅವನ ಮನೆಗೆ ಹೋಗಿ ಗೋಗರೆದೆ. "ನಿಮ್ಮ ತಪ್ಪಲ್ಲ ಬಿಡಿ ಮೇಷ್ಟ್ರೇ. ಆದ್ರೆ ಊರೇ ಕಳಿಸ್ದಿರುವಾಗ ನಾನೊಬ್ನೇ ಕಳಿಸೋಕಾಯ್ತದಾ?" ಎಂದ. ಇತ್ತ ಸಾಹೇಬರು, ಈ ಸೀಮೆಯ ಜನಕ್ಕೆ ವಿದ್ಯೆಯಲ್ಲಿ ಆಸಕ್ತಿಯೇ ಇಲ್ಲ ಎಂದು ವರದಿ ಬರೆದು ಕೈತೊಳೆದುಕೊಂಡರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪರೀಕ್ಷೆ ಬಂದು ಹೋಯಿತು. ಹುಡುಗಿ ಕೂರಲಿಲ್ಲ. ಲಗ್ನಕ್ಕೆ ನನ್ನನ್ನೂ ಕರೆದಿದ್ದರು. ಅಕ್ಷತೆ ಹಾಕಲು ಹೋದಾಗ ಬಾಸಿಂಗದ ಕೆಳಗಿಂದ ಮೆಲ್ಲಗೆ ಕೇಳಿದಳು: "ಈಗ ಸೋಮಾರ ಯಾವ ಪಾಠ ನಡೀತೈತೆ ಮೇಷ್ಟ್ರೇ?"

"ಯಾವ ಪಾಠಾನೂ ಇಲ್ಲಮ್ಮ. ಯಾರೂ ಬರೋದೇ ಇಲ್ಲ."

"ಹಂಗಾದ್ರೆ ನಾನೇನೂ ಹಿಂದೆ ಬಿದ್ದಿಲ್ಲ ಬಿಡಿ!" ಎಂದು ಖುಷಿಯಿಂದ ನಕ್ಕಳು.