ಬರುವ ಸೋಮವಾರದ ಲೆಕ್ಕ

ಮುದ್ದೇಬಿಹಾಳದಲ್ಲಿ ಕಾಲೇಜು ಓದುವ ಮೊಮ್ಮಗಳು, ಹಳೆಯ ಪತ್ರಗಳೊಳಗಿನ ತಾರೀಖುಗಳನ್ನು ಕಂಪ್ಯೂಟರೇ ಹುಡುಕಿ ತೆಗೆಯುವಂತೆ ಕೋಡ್ ಬರೆದಿದ್ದಾಳೆ. ‘ಬರುವ ಸೋಮವಾರ’ ಎಂದಿದ್ದರೆ ಮಾತ್ರ ಅದು ಇವತ್ತಿನಿಂದ ಎಣಿಸಿ ತಪ್ಪುತ್ತದಂತೆ.

“ಪತ್ರ ಬರೆದ ದಿನದಿಂದ ಎಣಸು ಅನ್ನವ್ವಾ ಅದಕ್ಕ,” ಎಂದೆ.

ತಬ್ಬಿಕೊಂಡುಬಿಟ್ಟಳು. ಎರಡನೇ ಇಯತ್ತೆಗೇ ಸಾಲಿ ಬಿಟ್ಟ ನನಗೆ ಆ ಹಿಗ್ಗು ಇನ್ನೂ ಇಳಿದಿಲ್ಲ. ನಿಜ ಹೇಳಬೇಕೆಂದರೆ, ಈ ಲೆಕ್ಕ ನನಗೆ ಹೊಟ್ಟೆಕಿಚ್ಚಿನಿಂದ ಬಂದದ್ದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಸಿಂದಗಿಗೆ ಸೊಸೆಯಾಗಿ ಹೋಗಿ ವರ್ಷವಾಗಿತ್ತು. ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಏಳನೇ ಇಯತ್ತೆ ಪಾಸಾದವಳು. ಓಣಿಯ ಪತ್ರಗಳೆಲ್ಲ ಅವಳ ಕೈಗೇ. ‘ಅಮಾಸಿ ಮುಂದ’, ‘ರಾಶಿ ಮುಗಿದ ಎರಡನೇ ವಾರ’ ಎಂದು ಬರೆದಿದ್ದರೂ ಕ್ಯಾಲೆಂಡರಿನ ಮುಂದೆ ನಿಂತು ಇಂಥ ದಿನ ಎನ್ನುತ್ತಿದ್ದಳು. ಅತ್ತೆ ಅವಳಿಗೆ ಕೆನೆ ತೆಗೆದಿಡುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತ ಉರಿಯುತ್ತಿದ್ದೆ. ಅವಳ ಕಣ್ಣಿಗೆ ಪೊರೆ ಬರಲಿ ಎಂದು ಬೇಡಿಕೊಂಡದ್ದೂ ಉಂಟು.

ಆಗ ನನಗೆ ಏಳು ತಿಂಗಳು. ಎಂಟಕ್ಕೆ ಬಿದ್ದರೆ ತವರಿಗೆ ಕಳಿಸುವುದಿಲ್ಲ ಎಂದು ಅತ್ತೆ ಹೇಳಿಬಿಟ್ಟಿದ್ದಳು. ಉಳಿದದ್ದು ನಾಲ್ಕೇ ದಿನ. ಒಂದು ಸೋಮವಾರ ಮುಂಜಾನೆ ತಮ್ಮನ ಪತ್ರ ಬಂತು: ಬರುವ ಸೋಮವಾರ ಬಸವನ ಬಾಗೇವಾಡಿ ಮೇಲಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಅದೇ ಬಸ್ಸು ತಿರುಗುತ್ತದೆ, ಅಕ್ಕನನ್ನು ಸ್ಟ್ಯಾಂಡಿಗೇ ಕಳಿಸಿರಿ.

“ಇನ್ನ ಎಂಟ ದಿನ ಐತಿ. ಅಷ್ಟರಾಗ ಎಂಟಕ್ಕ ಬೀಳ್ತಿ. ಇಲ್ಲೇ ಹಡಿ ತಗೊ,” ಎಂದಳು ನೆಗೆಣ್ಣಿ.

ಅವಳು ಪತ್ರವನ್ನು ತಂತಿಗೆ ಸಿಕ್ಕಿಸಿ ಹೋದಳು. ಏನಾದರೂ ತಪ್ಪು ಸಿಗಲಿ ಎಂದೇ ನಾನು ಅದನ್ನು ಬಿಡಿಸಿಕೊಂಡೆ. ಅಕ್ಷರ ಮರೆತಿದ್ದೆ, ಅಂಕಿ ಮರೆತಿರಲಿಲ್ಲ. ಮೇಲಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಹುಡುಕಿದರೆ ಹೋದ ಬುಧವಾರ. ಬುಧವಾರ ಬರೆದವನಿಗೆ ಬರುವ ಸೋಮವಾರ ಅಂದರೆ ಇವತ್ತೇ.

“ಅತ್ತಿ, ನನ್ನ ತಮ್ಮ ಇವತ್ತ ಬರ್ತಾನ್ರಿ.”

“ಏಳನೇ ಇಯತ್ತೆ ಓದಿದಾಕಿಗಿಂತ ನೀ ಶಾಣ್ಯಾಕಿ ಏನ?” ನೆಗೆಣ್ಣಿ ನಕ್ಕಳು.

“ನಕ್ಕೋತ ಗಂಟ ಕಟ್ರಿ ಅಕ್ಕಾ. ಬರಲಿಲ್ಲಂದ್ರ ಹೊಳ್ಳಿ ನಾನ ಹೊತ್ಕೊಂಡ ಬರ್ತೇನಿ.”

ಅತ್ತೆ ಅವಳಿಗೇ ಗಂಟು ಹೊರಿಸಿ ನನ್ನ ಜೊತೆ ಕಳಿಸಿದಳು. ತಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ದಾರಿ ನೋಡುತ್ತಿದ್ದ.

“ಪತ್ರ ಮುಟ್ಟೇತಲ್ಲ! ಯಾರ ಓದಿ ಹೇಳಿದ್ರು?”

“ನಾನ ಓದೀನಿ,” ಎಂದೆ.

ನೆಗೆಣ್ಣಿ ಗಂಟನ್ನು ಬಸ್ಸಿನೊಳಗೆ ನೂಕಿದಳು. “ಹಂಗಾರ ಹಡದ ಮ್ಯಾಲ ನೀನ ಕೈಯಾರೆ ಪತ್ರ ಬರಿ. ನಾ ಓದ್ತೇನಿ.”

ನನಗೆ ಬರೆಯಲು ಬಾರದೆಂದು ಅವಳಿಗೆ ಗೊತ್ತಿತ್ತು. ಬಾಗೇವಾಡಿ ಬರುವ ತನಕ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.