ಎರಡು ಊರುಗಳಲ್ಲಿ ಒಂದು ಕತ್ತಿನ ಪಟ್ಟು

ಅದು ೧೯೪೩ನೆಯ ಇಸವಿ. ಆಗ ನನಗೆ ನಲವತ್ತಾರು ವರ್ಷ. ವಿಜಾಪುರದ ತಾಲೀಮಿನಲ್ಲಿ, ಎಂದರೆ ಮೈಸೂರಿನವರಾದ ನಾವು ಗರಡಿ ಎನ್ನುವಲ್ಲಿ, ಬಬಲೇಶ್ವರದ ಸಿದ್ದಪ್ಪನ ತೋಳು ನನ್ನ ಕತ್ತನ್ನು ಸುತ್ತಿತ್ತು. ಅಂಗೈಯಿಂದ ನೆಲ ಬಡಿದೆ. ತೋಳು ಸಡಿಲಲಿಲ್ಲ. ಮತ್ತೆ ಬಡಿದೆ. ಆಮೇಲಿನದು ನೆನಪಿಲ್ಲ.

ಕಣ್ಣು ತೆರೆದಾಗ ವಸ್ತಾದರು, ಅಲ್ಲಿಯ ಗುರುಗಳು, ಮುಖಕ್ಕೆ ನೀರು ಚಿಮುಕಿಸುತ್ತಿದ್ದರು.

“ನೆಲಾ ಯಾಕ ಬಡದ್ರಿ ಮಾಸ್ತರ? ಹುಳಾ ಬಂದಿತ್ತೇನ್ರಿ?” ಎಂದ ಸಿದ್ದಪ್ಪ.

ಗಂಟಲ ಕೊಳವೆಯನ್ನು ಒತ್ತದೆ ಕತ್ತಿನ ಎರಡು ಬದಿಗಳನ್ನಷ್ಟೇ ಒತ್ತಬೇಕೆಂಬುದು ಮೈಸೂರಿಗೂ ವಿಜಾಪುರಕ್ಕೂ ಸಮಾನ. ಆದರೆ ನಮ್ಮಲ್ಲಿ ಕತ್ತು ಸಿಕ್ಕವನು ‘ಸಾಕು, ಬಿಡು’ ಎನ್ನಲು ನೆಲ ಬಡಿಯಬೇಕು. ವಿಜಾಪುರದಲ್ಲಿ ಅವನು ಸುಮ್ಮನಿರಬೇಕು. ಅವನ ಭುಜ ಸಡಿಲುವುದನ್ನು ಹಿಡಿದವನೇ ತನ್ನ ಎದೆಯಿಂದ ಅರಿತು ಬಿಡಬೇಕು. ನೆಲ ಬಡಿಯುತ್ತಿದ್ದ ನನ್ನ ಭುಜ ಬಿಗಿದೇ ಇದ್ದುದರಿಂದ, ಇನ್ನೂ ಕಸುವಿದೆಯೆಂದು ಸಿದ್ದಪ್ಪ ಬಗೆದಿದ್ದ.

“ಇನ್ನ ಕಣಕ್ಕ ಇಳೀಬ್ಯಾಡ್ರಿ. ನಿಮ್ಮ ಜೀವಕ್ಕ ನಾ ಹೊಣಿ ಆಗೂದಿಲ್ಲ” ಎಂದರು ವಸ್ತಾದರು.

ಹೆಂಡತಿ ತೀರಿಕೊಂಡ ಮೇಲೆ ಮೈಸೂರಿನ ಶಾಲೆಯ ಮಾಸ್ತರ ಕೆಲಸ ಬಿಟ್ಟು, ಅರಳೆ ಅಂಗಡಿಯ ಗುಮಾಸ್ತನಾಗಿ ಬಂದವನು ನಾನು. ರಾಗಿಮುದ್ದೆಯ ಜಾಗಕ್ಕೆ ಜೋಳದ ರೊಟ್ಟಿ ಬಂದಿತ್ತು. ಎರಡರ ರುಚಿಯೂ ತಿಳಿಯುತ್ತಿರಲಿಲ್ಲ. ಆ ಊರಿನಲ್ಲಿ ನನ್ನನ್ನು ಮೈಮುಟ್ಟಿ ಮಾತನಾಡಿಸುತ್ತಿದ್ದವರು ತಾಲೀಮಿನವರು ಮಾತ್ರ. ಆದ್ದರಿಂದ ದಿನವೂ ಹೋಗಿ ಕಣದ ದಂಡೆಯಲ್ಲಿ ಕುಳಿತು, ಕತ್ತು ಸಿಕ್ಕವರ ಭುಜಗಳನ್ನು ನೋಡಿದೆ.

ಕಡೆಗೆ ಸಿದ್ದಪ್ಪನೇ ಕರೆದ. ತಿಕೋಟಾದ ಪೈಲವಾನನೊಬ್ಬನ ಕತ್ತು ಹಿಡಿದೆ. ಅವನ ಭುಜ ಸಡಿಲಿದೊಡನೆ ಬಿಟ್ಟೆ. ವಸ್ತಾದರು “ಬರೋಬರಿ” ಎಂದು ಮೆಚ್ಚಿ ತಲೆದೂಗಿದರು. ನನ್ನ ಕತ್ತು ಸಿಕ್ಕಾಗ ಕೈಯನ್ನು ಸುಮ್ಮನಿಡುವುದನ್ನೂ ಕ್ರಮೇಣ ಕಲಿತೆ.

ಮುಂದೆ ರಜೆಯಲ್ಲಿ ಮೈಸೂರಿಗೆ ಹೋದೆ. ಹಳೆಯ ಗರಡಿಯಲ್ಲಿ ಗೆಳೆಯ ನಂಜುಂಡಯ್ಯ ನನ್ನ ಕತ್ತು ಹಿಡಿದ. ಅವನು ನನ್ನ ಕೈಗಾಗಿ ಕಾದ. ನಾನು ಅವನ ಎದೆಗಾಗಿ ಕಾದೆ. ನಾನು ಕುಸಿದ ಮೇಲೆಯೇ ಅವನು ಬಿಟ್ಟದ್ದು.

“ಕೈ ಯಾಕಯ್ಯ ಬಡೀಲಿಲ್ಲ? ಕೊಂದೇಬಿಡ್ತಿದ್ದೆನಲ್ಲೋ” ಎಂದು ಅತ್ತ. ಮತ್ತೆ ಅವನು ನನ್ನನ್ನು ಮಟ್ಟಿಗೆ, ಎಂದರೆ ಗರಡಿಯ ಕುಸ್ತಿ ಮಣ್ಣಿಗೆ, ಕರೆಯಲಿಲ್ಲ.

ವಿಜಾಪುರಕ್ಕೆ ಮರಳಿ ಕಣಕ್ಕಿಳಿದ ದಿನ, ಸಿದ್ದಪ್ಪನ ತೋಳಿನಲ್ಲಿ ನನ್ನ ಕೈ ತಾನಾಗಿಯೇ ನೆಲ ಬಡಿಯಿತು. ಈ ಸಲ ಅವನು ಗಾಬರಿಯಿಂದ ಬಿಟ್ಟುಬಿಟ್ಟ. ವಸ್ತಾದರು ಎಲ್ಲರನ್ನೂ ಕೂರಿಸಿ ಹೇಳಿದರು: “ಮಾಸ್ತರು ನಮ್ಮವರು. ಆದ್ರ ಯಾವಾಗ ನೆಲಾ ಬಡೀತಾರೋ, ಯಾವಾಗ ಸುಮ್ಮನಿರ್ತಾರೋ ತಿಳಿಯೂದಿಲ್ಲ. ಅವರು ಹಿಡೀಲಿ. ಅವರನ್ನ ಮಾತ್ರ ಯಾರೂ ಹಿಡೀಬ್ಯಾಡ್ರಿ.”

ಅಂದಿನಿಂದ ಮೈಸೂರಿನಲ್ಲಿಯೂ ವಿಜಾಪುರದಲ್ಲಿಯೂ ನನ್ನ ಕತ್ತಿಗೆ ಯಾರ ತೋಳೂ ಬಂದಿಲ್ಲ. ವಸ್ತಾದರು ಹೀಗೆ ಇತ್ಯರ್ಥ ಮಾಡಿದ್ದು ೧೯೪೬ನೆಯ ಇಸವಿ ಫೆಬ್ರವರಿ ೧೧ರಂದು.